ಹೆಲಿಕಾಪ್ಟರ್ ನೋಡಲು ಓಡಿದ ಹುಡುಗರು

ಜೂನ್ 9, 2024, ಭಾನುವಾರ

ಅಳಿಯ ಬಂದಿದ್ದ, ಅಕ್ಕನ ದೊಡ್ಡ ಮಗ. ಊಟ ಮುಗಿಸಿ ಜಗಲಿಯಲ್ಲಿ ಕೂತು ಅಡಿಕೆ ಧಾರಣೆ, ಕೊಳೆರೋಗದ ಮದ್ದು ಎಂದೆಲ್ಲ ಮಾತಾಡಿದ. ಒಳಗೆ ಪಾತ್ರೆ ತೊಳೆಯುವ ಸದ್ದು ಶುರುವಾದ ಮೇಲೆ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟ. "ಮಾವ, ನೀವು ಸಯನ್ಸ್ ಮೇಷ್ಟ್ರಲ್ವಾ, ಇದನ್ನು ಸ್ವಲ್ಪ ನೋಡಿ ಹೇಳಿ."

ಮಂಗಳೂರಿನ ಲ್ಯಾಬೊಂದರ ವೀರ್ಯ ಪರೀಕ್ಷೆಯ ವರದಿ. ಮಕ್ಕಳಾದ ಗಂಡಸರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ಒಂದು ಮಿಲಿಲೀಟರಿನಲ್ಲಿ 1.6 ಕೋಟಿಗಿಂತ ಹೆಚ್ಚು ವೀರ್ಯಾಣು ಇರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಲೆಕ್ಕ. ಇವನದ್ದು ಅದರ ಕಾಲು ಭಾಗವೂ ಇಲ್ಲ.

ಮದುವೆಯಾಗಿ ಆರು ವರ್ಷ. ಇಷ್ಟು ವರ್ಷ ಪರೀಕ್ಷೆಗಳೆಲ್ಲ ಆದದ್ದು ಅವನ ಹೆಂಡತಿಗೆ. ಸ್ಕ್ಯಾನಿಂಗ್, ರಕ್ತ, ಥೈರಾಯ್ಡ್, ಗರ್ಭನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಆ ನೋವಿನ ಎಕ್ಸ್‌ರೇ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ, ಮನೆಯ ನಾಗಬನದಲ್ಲಿ ತಂಬಿಲ. ಆ ಹುಡುಗಿ ಉಪವಾಸ ಮಾಡಿದ್ದಕ್ಕೆ ಲೆಕ್ಕವಿಲ್ಲ. ಈಗಿನ ಡಾಕ್ಟರಮ್ಮ ಖಡಕ್ಕಾಗಿ ಹೇಳಿದರಂತೆ, ಗಂಡನ ರಿಪೋರ್ಟ್ ಇಲ್ಲದೆ ನಾನು ಮುಂದಿನ ಚೀಟಿ ಬರೆಯುವುದಿಲ್ಲ ಎಂದು. ಇನ್ನೂರು ಮುನ್ನೂರು ರೂಪಾಯಿಯ ಪರೀಕ್ಷೆ. ಮೊದಲ ವರ್ಷವೇ ಆಗಬೇಕಿತ್ತು.

ಹೊರಡುವಾಗ ಅಂಗಳದಲ್ಲಿ ನಿಂತು ಕೇಳಿದ. "ಆ ಮದ್ದಿನಿಂದ ಹೀಗಾದದ್ದಾ ಮಾವ?" ಯಾವ ಮದ್ದು ಎಂದು ನಾನು ಕೇಳಲಿಲ್ಲ. ನಮ್ಮ ಊರಿನಲ್ಲಿ ಅದಕ್ಕೆ ಹೆಸರು ಹೇಳಬೇಕಾಗಿಲ್ಲ.

ಜೂನ್ 12, ಬುಧವಾರ

ಅವನು ಹುಟ್ಟಿದ್ದು 1988ರಲ್ಲಿ. ಗುಡ್ಡದ ತಲೆಯ ಮೇಲೆ ಗೇರು ತೋಟ, ಅದರ ಬುಡದಲ್ಲಿ ಅಕ್ಕನ ಮನೆ, ಮನೆಯ ಕೆಳಗೆ ಅಡಿಕೆ ತೋಟ, ತೋಡು. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಹೀಗೆ ಬದುಕಿದ ಮನೆಗಳು ಎಷ್ಟೋ. ಎಂಬತ್ತರ ದಶಕದಿಂದ 2000ದವರೆಗೆ ಗೇರು ಚಿಗುರುವ, ಹೂ ಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ಟೀ ಸೊಳ್ಳೆ ಎಂಬ ಕೀಟ ಗೇರಿನ ಚಿಗುರು ಹೀರಿ ಹೂಗೊಂಚಲನ್ನು ಕರಟಿಸುತ್ತದೆ. ಅದನ್ನು ಕೊಲ್ಲಲು ಎಂಡೋಸಲ್ಫಾನ್.

ಆಗ ನಾನು ಘಟ್ಟದ ಮೇಲೆ ನೌಕರಿಯಲ್ಲಿದ್ದೆ. ಡಿಸೆಂಬರ್ ರಜೆಗೆ ಬಂದಾಗ ಕಣ್ಣಾರೆ ನೋಡಿದ್ದು. ಸದ್ದು ಕೇಳಿದ್ದೇ ತಡ, ಮಕ್ಕಳೆಲ್ಲ ಗದ್ದೆ ಬಯಲಿಗೆ ಓಡುತ್ತಿದ್ದರು. ಆಕಾಶದಲ್ಲಿ ಅಷ್ಟು ಹತ್ತಿರ ಹಾರುವ ಯಂತ್ರವನ್ನು ಅವರು ಇನ್ನೆಲ್ಲಿ ಕಂಡಾರು? ತಲೆ ಮೇಲೆ ಮಂಜಿನಂತೆ ಇಳಿದದ್ದನ್ನು ಕೈ ಚಾಚಿ ಹಿಡಿಯುತ್ತಿದ್ದರು. ಬಾವಿ ಮುಚ್ಚಿಡಿ ಎಂದು ಯಾರೋ ಹೇಳಿ ಹೋಗುತ್ತಿದ್ದರಂತೆ. ಬಾವಿಗೆ ಮಡಲು ಮುಚ್ಚಬಹುದು. ತೋಡಿಗೆ ಏನು ಮುಚ್ಚುವುದು? ಹಟ್ಟಿಯ ಹುಲ್ಲಿಗೆ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ, ಹಗ್ಗದ ಮೇಲಿನ ಬಟ್ಟೆಗೆ?

ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಕುಡಿಯುವ ನೀರೇ ಸುರಂಗದ್ದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ಸುರಂಗದೊಳಗೆ ಮಣ್ಣಿನಿಂದ ಜಿನುಗುವ ನೀರು ತಾನಾಗಿ ಹರಿದು ಮನೆಬಾಗಿಲಿಗೆ ಬರುತ್ತದೆ. ಆ ಗುಡ್ಡದ ಮೇಲೆಯೇ ವಿಷ ಸುರಿದರೆ ಅದನ್ನು ಮುಚ್ಚುವ ಮುಚ್ಚಳ ಯಾವುದೂ ಇಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ ಎರಡು ದಶಕಕ್ಕೂ ಮಿಕ್ಕಿ ಹೀಗೆ ಸುರಿಯಿತು. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಾಣುತ್ತಿದ್ದುದನ್ನು ಗುರುತು ಹಾಕಿಕೊಂಡು ಕಂಡ ಕಂಡವರಿಗೆ ಪತ್ರ ಬರೆದರು. ಪೆರಿಯದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಈ ಮೂವರನ್ನು ನೆನೆದಾಗ ಎದೆ ತುಂಬಿ ಬರುತ್ತದೆ. ವಿಷವನ್ನು ಮೊದಲು ಕಂಡವರು ದೊಡ್ಡ ಲ್ಯಾಬಿನವರಲ್ಲ, ಊರಿನವರು.

ಜೂನ್ 20, ಗುರುವಾರ

ಮೂರು ದಿನದಿಂದ ಬಿಡದ ಮಳೆ. ಕರೆಂಟಿಲ್ಲ. ಹಳೆ ಕಡತ ಬಿಚ್ಚಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ಅಧ್ಯಯನವನ್ನು ಮತ್ತೆ ಓದಿದೆ. ಹಬೀಬುಲ್ಲಾ ಸಯ್ಯದ್ ಮತ್ತು ಸಂಗಡಿಗರದ್ದು, 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು. ಕಾಸರಗೋಡಿನ ಎಂಡೋಸಲ್ಫಾನ್ ಎಂದೊಡನೆ ಎಲ್ಲರ ಕಣ್ಣಿಗೂ ಬರುವುದು ದೊಡ್ಡ ತಲೆಯ ಮಗುವಿನ ಫೋಟೋ. ಗಂಡು ಮಕ್ಕಳ ಬೆಳವಣಿಗೆಯ ಬಗ್ಗೆ ನಡೆದ ಈ ಕೆಲಸ ಊರಲ್ಲಿ ಎಷ್ಟು ಮಂದಿಗೆ ಗೊತ್ತು?

ಗೇರು ತೋಟದ ಬುಡದ ಹಳ್ಳಿಯ 10ರಿಂದ 19 ವಯಸ್ಸಿನ 117 ಹುಡುಗರು. ಹೋಲಿಕೆಗೆ, ಮೇಲಿನಿಂದ ಮದ್ದು ಬೀಳದ ಊರಿನ 90 ಹುಡುಗರು. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆ ತೆಗೆದ ರಕ್ತದಲ್ಲೂ ಎಂಡೋಸಲ್ಫಾನ್ ಇತ್ತು. ತೋಟದ ಊರಿನವರಲ್ಲಿ ಸರಾಸರಿ ನೂರು ಕೋಟಿಯಲ್ಲಿ 7.47 ಭಾಗ, ಇನ್ನೊಂದು ಊರಿನಲ್ಲಿ 1.37. ವಯಸ್ಸನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, ಮದ್ದು ಹೆಚ್ಚು ತಗುಲಿದ ಹುಡುಗರಲ್ಲಿ ಪ್ರಾಯಕ್ಕೆ ಬರುವ ಗುರುತುಗಳು ತಡ. ವೃಷಣದ ಬೆಳವಣಿಗೆ ಹಿಂದೆ. ಟೆಸ್ಟೋಸ್ಟೆರಾನ್ ಕಡಿಮೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ. ಎಲ್‌ಎಚ್ ಎಂಬ ಹಾರ್ಮೋನ್ ಇವರಲ್ಲಿ ಹೆಚ್ಚಿತ್ತು. ಇದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೊರಟು, ಟೆಸ್ಟೋಸ್ಟೆರಾನ್ ತಯಾರಿಸು ಎಂದು ವೃಷಣಕ್ಕೆ ಹೇಳುವ ಹಾರ್ಮೋನ್. ಗುಡ್ಡದಾಚೆ ಇರುವವನನ್ನು ಕೂಗಿ ಕರೆದಂತೆ ಇದು. ಅವನು ಓಗೊಡದಿದ್ದರೆ ನಾವು ಇನ್ನಷ್ಟು ಜೋರಾಗಿ ಕೂಗುತ್ತೇವೆ. ಕೂಗು ಜೋರಾಗಿದೆ, ಉತ್ತರ ಕ್ಷೀಣವಾಗಿದೆ ಎಂದರೆ ತೊಂದರೆ ಕೂಗುವವನಲ್ಲಿ ಇಲ್ಲ. ವೃಷಣದಲ್ಲೇ ಏನೋ ಕೆಟ್ಟಿರಬೇಕೆಂಬ ಸಂಶಯಕ್ಕೆ ಇದು ದಾರಿ.

ಹುಟ್ಟಿನಿಂದಲೇ ವೃಷಣ ಕೆಳಗಿಳಿಯದಿರುವುದು, ಅಲ್ಲಿ ನೀರು ತುಂಬಿರುವುದು, ಹರ್ನಿಯಾ, ಇಂಥವು ತೋಟದ ಊರಿನಲ್ಲಿ ಶೇಕಡಾ 5.1, ಇನ್ನೊಂದರಲ್ಲಿ 1.1. ಆದರೆ ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರ ಆಕಸ್ಮಿಕವೂ ಆಗಿರಬಹುದು. ಸಂಖ್ಯೆ ಚಿಕ್ಕದು, ಎಲ್ಲರೂ ಪರೀಕ್ಷೆಗೆ ಒಪ್ಪಲಿಲ್ಲ ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ಕೀಟನಾಶಕ ಉದ್ಯಮದವರು ಇಡೀ ಅಧ್ಯಯನವನ್ನೇ ಜರೆದರು. ಚಿಕ್ಕ ಅಧ್ಯಯನಕ್ಕೆ ಸರಿಯಾದ ಉತ್ತರ ಅದಕ್ಕಿಂತ ದೊಡ್ಡ ಅಧ್ಯಯನ, ಜರೆಯುವುದಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಹತ್ತನೇ ಕ್ಲಾಸಿಗೆ ಬಂದರೂ ದನಿ ಒಡೆಯದ, ಮೀಸೆ ಮೂಡದ ಹುಡುಗರು ಎಲ್ಲ ಊರಿನಲ್ಲೂ ಇರುತ್ತಾರೆ. ಒಬ್ಬೊಬ್ಬನನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ನೂರು ಹುಡುಗರನ್ನು ಇನ್ನೊಂದು ಊರಿನ ನೂರು ಹುಡುಗರ ಪಕ್ಕ ನಿಲ್ಲಿಸಿ ಲೆಕ್ಕ ಹಾಕಿದರೆ ಮಾತ್ರ ಈ ಹಾನಿ ಕಾಣುತ್ತದೆ.

ಜುಲೈ 2, ಮಂಗಳವಾರ

ಅಳಿಯ ಫೋನ್ ಮಾಡಿದ್ದ. ವಾಟ್ಸಾಪಿನಲ್ಲಿ ಯಾರೋ ವಿಡಿಯೋ ಕಳಿಸಿದ್ದಾರಂತೆ, ಪ್ರಪಂಚದಲ್ಲೆಲ್ಲ ಗಂಡಸರ ಕೌಂಟ್ ಇಳಿಯುತ್ತಿದೆ, ನಿನ್ನೊಬ್ಬನದ್ದಲ್ಲ ಎಂದು. ಅದರಲ್ಲಿ ಸುಳ್ಳಿಲ್ಲ. 1992ರಲ್ಲಿ ಡೆನ್ಮಾರ್ಕಿನವರು ಹಳೆಯ 61 ಅಧ್ಯಯನಗಳನ್ನು ಒಟ್ಟು ಸೇರಿಸಿ, 1940ರಲ್ಲಿ ಮಿಲಿಲೀಟರಿಗೆ 11.3 ಕೋಟಿ ಇದ್ದ ಸರಾಸರಿ 1990ಕ್ಕೆ 6.6 ಕೋಟಿಗೆ ಇಳಿದಿದೆ ಎಂದರು. 2022ರ ದೊಡ್ಡ ಲೆಕ್ಕದಲ್ಲಿ 1973ರಿಂದ 2018ರೊಳಗೆ 10.1 ಕೋಟಿಯಿಂದ 4.9 ಕೋಟಿಗೆ ಇಳಿಕೆ. ಎಣಿಸುವ ಕ್ರಮ ಲ್ಯಾಬಿನಿಂದ ಲ್ಯಾಬಿಗೆ ಬೇರೆ ಎಂದು ವಾದಿಸುವವರಿದ್ದಾರೆ, ಬೊಜ್ಜು, ಸಿಗರೇಟು, ಕೂತು ಮಾಡುವ ಕೆಲಸ ಎಂದು ಕಾರಣ ಕೊಡುವವರೂ ಇದ್ದಾರೆ. ಪ್ರಪಂಚದ ಸರಾಸರಿ ನಮ್ಮ ಹುಡುಗನಿಗೆ ಸಮಾಧಾನ ತರಲಿಲ್ಲ. ತರುವಂಥದ್ದೂ ಅಲ್ಲ.

ಜುಲೈ 14, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಭಾವ ತೀರಿಕೊಂಡ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಾಳೆ. ಕಾಫಿ ಕೊಟ್ಟು ಎದುರು ಕೂತು ನೇರವಾಗಿ ಕೇಳಿದಳು. "ನಾನು ಬಸುರಿ ಇರುವಾಗ ಆ ತೋಡಿನ ನೀರನ್ನೇ ಕುಡಿದದ್ದು. ಎರಡೂವರೆ ವರ್ಷ ಹಾಲು ಕೊಟ್ಟಿದ್ದೇನೆ. ನನ್ನ ಹಾಲಿನಿಂದ ಹೋದದ್ದಾ ತಮ್ಮ?"

ಎಷ್ಟು ದಿನದಿಂದ ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದಳೋ.

ಕೊಬ್ಬಿನಲ್ಲಿ ಕರಗಿ ಉಳಿಯುವ ಕ್ಲೋರಿನ್ ವಿಷಗಳು ತಾಯಿಯ ಹಾಲಿಗೆ ಬರುತ್ತವೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ತರಿಸಿದ ಮಾದರಿಗಳಲ್ಲಿ ರಕ್ತದಲ್ಲಿ, ತಾಯಿಯ ಹಾಲಿನಲ್ಲಿ ಎಂಡೋಸಲ್ಫಾನ್ ಸಿಕ್ಕಿತ್ತು. ಎಂಡೋಸಲ್ಫಾನ್ ಮಣ್ಣಿಗೆ ಬಿದ್ದ ಮೇಲೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ಅಷ್ಟೇ ವಿಷ, ಆಯುಸ್ಸು ಮಾತ್ರ ಇನ್ನೂ ಉದ್ದ. ಗಂಡು ಭ್ರೂಣದ ಜನನಾಂಗ ರೂಪುಗೊಳ್ಳುವುದು ಎಂಟರಿಂದ ಹದಿನಾಲ್ಕನೇ ವಾರದೊಳಗೆ, ತಾನೇ ತಯಾರಿಸಿಕೊಂಡ ಟೆಸ್ಟೋಸ್ಟೆರಾನಿನ ಬಲದಿಂದ. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಎಷ್ಟು ಎಂಬುದು ತೀರ್ಮಾನವಾಗುವುದು ಗರ್ಭದಲ್ಲಿ, ಎಳವೆಯಲ್ಲಿ, ಪ್ರಾಯಕ್ಕೆ ಬರುವ ಹೊತ್ತಿಗೆ. ಆಮೇಲೆ ಅವು ಹೆಚ್ಚುವುದಿಲ್ಲ. ಒಂದು ಸರ್ಟೋಲಿ ಕೋಶ ಸಾಕಬಲ್ಲ ವೀರ್ಯಾಣುಗಳಿಗೆ ಮಿತಿ ಇದೆ. ಹಾಗಾಗಿ ಹುಡುಗ ಮೂವತ್ತಾರನೇ ವಯಸ್ಸಿನಲ್ಲಿ ಕಾಣುವ ಸಂಖ್ಯೆಯ ಬೇರು ಅವನಿಗೆ ನೆನಪೇ ಇಲ್ಲದ ಕಾಲದಲ್ಲಿ ಇರಬಹುದು.

ಇದಿಷ್ಟನ್ನೂ ಅಕ್ಕನ ಎದುರು ಪಾಠ ಮಾಡಲಿಲ್ಲ. "ಅಕ್ಕಾ, ಹಾಲು ಕೊಟ್ಟದ್ದು ಸರಿ. ಯಾವ ಡಾಕ್ಟರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಸುರಿದವರು ಬೇರೆ, ಹಾಲೂಡಿದವಳು ನೀನು. ಅವರ ಲೆಕ್ಕವನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ" ಎಂದೆ. ಅಳಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಜುಲೈ 17, ಬುಧವಾರ

ಅಕ್ಕನ ಮಾತು ತಲೆಯಿಂದ ಹೋಗಲಿಲ್ಲ. ಇಟಲಿಯ ಸೆವೆಸೊ ಪ್ರಕರಣವನ್ನು ಮತ್ತೆ ಓದುತ್ತ ಕೂತೆ.

1976ರ ಜುಲೈ 10. ಮಿಲಾನ್ ಹತ್ತಿರದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಒತ್ತಡ ಮೀರಿ ಡಯಾಕ್ಸಿನ್ ತುಂಬಿದ ಮೋಡ ಹೊರಟು ಸೆವೆಸೊ ಊರಿನ ಮೇಲೆ ಇಳಿಯಿತು. ಡಯಾಕ್ಸಿನ್ ಮನುಷ್ಯನ ಮೈಯಲ್ಲಿ ಅರ್ಧ ಇಳಿಯಲು ಏಳೆಂಟು ವರ್ಷ ಬೇಕು. ಆಗ ರಕ್ತದಲ್ಲಿ ಅದನ್ನು ಅಳೆಯುವ ಸಾಮರ್ಥ್ಯ ಯಾರಿಗೂ ಇರಲಿಲ್ಲ. ಡೆಸಿಯೊ ಆಸ್ಪತ್ರೆಯ ಪಾವೊಲೊ ಮೊಕಾರೆಲ್ಲಿ ಮತ್ತು ಅವರ ಜೊತೆಯವರು ಊರಿನವರ ರಕ್ತ ತೆಗೆದು, ಒಂದು ದಿನ ಬೇಕಾದೀತು ಎಂದು ಶೈತ್ಯದಲ್ಲಿ ಕಾಪಿಟ್ಟರು. ಅಳೆಯುವ ಯಂತ್ರ ಬಂದಾಗ ಅವೇ ಬಾಟಲಿಗಳನ್ನು ಅಮೆರಿಕದ ಅಟ್ಲಾಂಟಾಕ್ಕೆ ಕಳಿಸಿ ಅಳೆಸಿದರು. ಸುಮಾರು 22 ವರ್ಷದ ನಂತರ ಆ ಹುಡುಗರನ್ನೇ, ಆಗಲೇ ಗಂಡಸರಾಗಿದ್ದವರನ್ನು, ಮನವೊಲಿಸಿ ವೀರ್ಯ ಪರೀಕ್ಷೆ ಮಾಡಿಸಿದರು.

2008ರಲ್ಲಿ ಫಲಿತಾಂಶ ಬಂತು. ಮೋಡ ಇಳಿದಾಗ ಒಂದರಿಂದ ಒಂಬತ್ತು ವರ್ಷದವರಾಗಿದ್ದವರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕಡಿಮೆ. ಹತ್ತರಿಂದ ಹದಿನೇಳು ವರ್ಷದವರಾಗಿದ್ದವರಲ್ಲಿ ಸಂಖ್ಯೆ ಕಡಿಮೆಯಾಗಿರಲಿಲ್ಲ, ಹೆಚ್ಚೇ ಇತ್ತು. ಒಂದೇ ವಿಷ, ಒಂದೇ ಊರು, ತಗುಲಿದ ವಯಸ್ಸಿನ ಮೇಲೆ ಪರಿಣಾಮ ತಿರುಗಾಮುರುಗಾ. ಎಷ್ಟು ವಿಷ ಎಂದು ಮಾತ್ರ ಕೇಳುವವರಿಗೆ ಇದು ದೊಡ್ಡ ಪಾಠ. ಯಾವಾಗ ಎಂದೂ ಕೇಳಬೇಕು. 2011ರಲ್ಲಿ ಅದೇ ತಂಡ, ವಿಷ ತಗುಲಿದ ತಾಯಂದಿರ ಎದೆಹಾಲು ಕುಡಿದ ಗಂಡುಮಕ್ಕಳಲ್ಲಿ ವೀರ್ಯಾಣು ಕಡಿಮೆ ಎಂದು ಬರೆಯಿತು. ಆ ಪುಟವನ್ನು ಓದಿ ಮುಚ್ಚಿಟ್ಟೆ. ಡಯಾಕ್ಸಿನ್ ಬೇರೆ, ಎಂಡೋಸಲ್ಫಾನ್ ಬೇರೆ. ಅಕ್ಕನಿಗೆ ಇದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ, ಮುಂದೆಯೂ ಹೇಳುವುದಿಲ್ಲ.

ಆದರೆ ಒಂದು ಮಾತು. ಅವರು ರಕ್ತ ಕಾಪಿಟ್ಟರು, ಹುಡುಗರ ಹಿಂದೆ ಎರಡು ದಶಕ ನಡೆದರು. ವಿಜ್ಞಾನ ಮಾಡುವುದೆಂದರೆ ಇಷ್ಟು ತಾಳ್ಮೆ, ಇಷ್ಟು ಜವಾಬ್ದಾರಿ.

ಆಗಸ್ಟ್ 4, ಭಾನುವಾರ

ಡಾಕ್ಟರಮ್ಮನನ್ನು ಕಾಣಲು ನಿನ್ನೆ ಅಳಿಯನ ಜೊತೆ ಮಂಗಳೂರಿಗೆ ಹೋಗಿದ್ದೆ. ಚೆನ್ನಾಗಿ ಮಾತಾಡಿದರು. ವೀರ್ಯಾಣು ಹುಟ್ಟಿ ಬಲಿಯಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕು, ಒಂದೇ ವರದಿ ನಂಬಬಾರದು, ಮೊದಲ ವರದಿಗೆ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಿ ಎಂದರು. ವೆರಿಕೋಸೀಲ್ ಇದೆಯೇ ನೋಡಿದರು, ಇಲ್ಲ. ಸಣ್ಣವನಿದ್ದಾಗ ಕೆಪ್ಪಟೆ ಬಂದಿತ್ತೇ, ಜರ್ದಾ ಹಾಕುತ್ತೀಯಾ ಎಂದೆಲ್ಲ ಕೇಳಿದರು. ಅವನ ಹೆಂಡತಿಯ ಕಡೆ ತಿರುಗಿ, "ನಿನ್ನದೇನೂ ತೊಂದರೆ ಇಲ್ಲಮ್ಮ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಒಂದು ವಾಕ್ಯಕ್ಕೆ ಅವರಿಗೆ ಕೈಮುಗಿಯಬೇಕು.

ಎಂಡೋಸಲ್ಫಾನ್ ವಿಷಯ ನಾನೇ ಎತ್ತಿದೆ. "ಇರಬಹುದು. ಆದರೆ ಈ ಒಬ್ಬರ ವರದಿ ನೋಡಿ ಅದರಿಂದಲೇ ಎಂದು ನಾನು ಬರೆದು ಕೊಡಲಾರೆ" ಎಂದರು. ಸರಿಯಾದ ಮಾತು. ಗುಂಪಿನ ಬಗ್ಗೆ ಹೇಳಬಲ್ಲದ್ದನ್ನು ವಿಜ್ಞಾನ ಒಬ್ಬ ಮನುಷ್ಯನ ಬಗ್ಗೆ ಹೇಳಲಾರದು. ಆದರೆ ಈ ಸಂದಿಯಲ್ಲೇ ಸುರಿದವರೆಲ್ಲ ನುಣುಚಿಕೊಂಡು ಹೋಗುತ್ತಾರೆ. ಒಬ್ಬೊಬ್ಬನಾಗಿ ಬಂದರೆ ಸಾಬೀತು ಇಲ್ಲ ಎನ್ನಬಹುದು. ಗುಂಪನ್ನು ಯಾರೂ ಲೆಕ್ಕ ಹಾಕದಿದ್ದರೆ ಗುಂಪೇ ಇಲ್ಲ ಎನ್ನಬಹುದು.

ಆಗಸ್ಟ್ 18, ಭಾನುವಾರ

ಗಂಡಸರೇ ಬಾಯಿ ಬಿಟ್ಟದ್ದರಿಂದ ಹೊರಬಿದ್ದ ಪ್ರಕರಣವೂ ಉಂಟು. 1977, ಕ್ಯಾಲಿಫೋರ್ನಿಯದ ಲ್ಯಾಥ್ರೋಪ್. ಬಾಳೆ, ಅನಾನಸಿನ ಬೇರು ತಿನ್ನುವ ಹುಳಕ್ಕೆ ಹಾಕುವ ಡಿಬಿಸಿಪಿ ಎಂಬ ಮದ್ದು ತಯಾರಾಗುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡುವಾಗ, ಆ ವಿಭಾಗದಲ್ಲಿ ದುಡಿಯುವ ಯಾರಿಗೂ ಈಚೆಗೆ ಮಕ್ಕಳಾಗಿಲ್ಲ ಎಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಿದರು. ಹಲವರಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಇಲಿಗಳ ವೃಷಣವನ್ನು ಈ ಮದ್ದು ಕುಗ್ಗಿಸುತ್ತದೆ ಎಂಬುದು 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಆ ಕಾಗದ ಸುಮ್ಮನೆ ಬಿದ್ದಿತ್ತು. ಅಮೆರಿಕದಲ್ಲಿ ನಿಂತ ಮೇಲೂ ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲಿ ಕೂಲಿಗಳು ದುಡಿಯುವಲ್ಲಿ ಅದನ್ನು ಬಳಸಿದ್ದು ಇನ್ನೊಂದು ಪಾತಕ.

ನಮ್ಮಲ್ಲಿ ಗಂಡಸರು ಇದನ್ನು ಮಾತಾಡುವುದಿಲ್ಲ. ಕಟ್ಟೆಯಲ್ಲಿ ಕೂತು ಮಂಡಿನೋವು, ಶುಗರು, ಬಿಪಿ ಎಲ್ಲ ಹೇಳುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ. ಅಳಿಯ ಆ ಕಾಗದ ನನಗೆ ತೋರಿಸಿದ್ದೇ ದೊಡ್ಡ ಧೈರ್ಯ.

ಕೊಕ್ಕಡದ ಎಂಡೋ ಪಾಲನಾ ಕೇಂದ್ರಕ್ಕೆ ಹೋಗಿ ಕೂತು ಬಂದಿದ್ದೇನೆ ಹಿಂದೆ. ಅಲ್ಲಿನ ಮಕ್ಕಳ, ಅಲ್ಲಿಗೆ ಅವರನ್ನು ಎತ್ತಿಕೊಂಡು ಬರುವ ತಾಯಂದಿರ ಕಷ್ಟದ ಮುಂದೆ ಬೇರೆ ಯಾವುದನ್ನೂ ಹೇಳಲು ನಾಲಿಗೆ ಏಳುವುದಿಲ್ಲ. ಅವರಿಗೇ ಮೊದಲ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಡೋ ಪೀಡಿತರಿಗೆ ಮಾಸಾಶನ ಸಿಗುವುದು ಅಂಗವೈಕಲ್ಯ ಶೇಕಡಾ ಎಷ್ಟು ಎಂದು ನೋಡಿ. ಕೈಕಾಲು ನೆಟ್ಟಗಿರುವ, ತೋಟಕ್ಕೆ ಮದ್ದು ಬಿಡುವ, ಮರ ಹತ್ತುವ, ಮಕ್ಕಳಾಗದ ಗಂಡಸಿಗೆ ಶೇಕಡಾ ಎಷ್ಟು? ಅವನು ತುಂಬಿಸಬಹುದಾದ ಅರ್ಜಿಯೇ ಇಲ್ಲ. ಅವನ ಹೆಂಡತಿಯನ್ನು ಊರು ಬಂಜೆ ಎಂದು ಕರೆಯುತ್ತದೆ. ಹಾನಿಯ ಪೂರ್ತಿ ಲೆಕ್ಕ ಅವಳ ಹೆಸರಿಗೆ.

ಸೆಪ್ಟೆಂಬರ್ 15, ಭಾನುವಾರ

ಎರಡನೇ ವರದಿ ಬಂತು. ಮೊದಲಿನದಕ್ಕಿಂತ ಸ್ವಲ್ಪ ಮೇಲೆ, ಆದರೂ ಕಡಿಮೆಯೇ. ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಕ್ಕೆ ಸೇರಿಸುವ ಚಿಕಿತ್ಸೆ ಇದೆ, ಲಕ್ಷಗಟ್ಟಲೆ ಖರ್ಚು. ದತ್ತು ತೆಗೆದುಕೊಳ್ಳುವ ಮಾತನ್ನು ಆ ಹುಡುಗಿಯೇ ಎತ್ತಿದ್ದಾಳಂತೆ. ಇಬ್ಬರೂ ಕೂತು ತೀರ್ಮಾನ ಮಾಡಲಿ. ಯಾವ ದಾರಿ ಹಿಡಿದರೂ ನಾನು ಜೊತೆಗಿದ್ದೇನೆ ಎಂದು ಹೇಳಿದೆ.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಅಳಿಯದೆ ಉಳಿಯುವ ವಿಷಗಳ ಪಟ್ಟಿಗೆ ಸೇರಿಸಿದವು. ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುತ್ತಿದ್ದ, ಅತಿ ಹೆಚ್ಚು ಬಳಸುತ್ತಿದ್ದ ನಮ್ಮ ದೇಶ ಅಲ್ಲಿ ಕಡೆಯ ತನಕ ಹಿಂದೇಟು ಹಾಕಿ ವಿನಾಯಿತಿ ಕೇಳಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದೊಳಗೆ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. ವಿಷ ನಿಂತಿದೆ. ವಿಷ ಬಿದ್ದಾಗ ಗರ್ಭದಲ್ಲಿದ್ದವರು, ಗದ್ದೆಯಲ್ಲಿ ಓಡುತ್ತಿದ್ದವರು, ಹೆಚ್ಚಿನವರು ಈಗ ಮೂವತ್ತು ನಲವತ್ತು ದಾಟಿದ ಗಂಡಸರು. ರಕ್ತ ಕೊಟ್ಟ ಆ 117 ಹುಡುಗರೂ ಅಷ್ಟೇ ವಯಸ್ಸಿನವರು.

ಜಿಲ್ಲಾ ಆರೋಗ್ಯಾಧಿಕಾರಿಗೆ ಇವತ್ತು ಪತ್ರ ಬರೆದು ಮುಗಿಸಿದೆ. ಶಾಸಕರಿಗೂ ಒಂದು ಪ್ರತಿ. ಕೇಳಿದ್ದು ಇಷ್ಟು. ಸಿಂಪಡಣೆ ನಡೆದ ಗ್ರಾಮಗಳಲ್ಲಿ 1980ರಿಂದ 2000ದೊಳಗೆ ಹುಟ್ಟಿದ ಗಂಡಸರಿಗೆ, ಅವರು ಒಪ್ಪಿದರೆ, ಹೆಸರು ಗುಟ್ಟಾಗಿಟ್ಟು ಉಚಿತ ಹಾರ್ಮೋನ್ ಮತ್ತು ವೀರ್ಯ ಪರೀಕ್ಷೆ ಮಾಡಿಸಬೇಕು. ಸಿಂಪಡಣೆ ಇಲ್ಲದ ಗ್ರಾಮದಲ್ಲೂ ಅಷ್ಟೇ ಮಂದಿಗೆ ಮಾಡಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಡಿಮೆ ಇದ್ದವರ ಚಿಕಿತ್ಸೆಯ ಖರ್ಚನ್ನು ಸರಕಾರ ಹೊರಬೇಕು, ಯಾಕೆಂದರೆ ಸುರಿದದ್ದು ಸರಕಾರಿ ತೋಟದ ಮೇಲೆ. ಮತ್ತು ಇವತ್ತಿನಿಂದಲೇ, ಮಕ್ಕಳಾಗಲಿಲ್ಲ ಎಂದು ಯಾವ ದಂಪತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೂ ಮೊದಲ ದಿನವೇ ಗಂಡನ ಪರೀಕ್ಷೆಯೂ ಆಗಬೇಕು.